ಈಶ್ವರಯ್ಯನ ಶುದ್ಧ ಔಷಧಿ

ಬೇಲಿಯಾಚೆ ಮೋಹನ್‌ಕುಮಾರ ಸತ್ತ ಹುಳಗಳನ್ನು ಗುಂಡುಕಲ್ಲಿನಿಂದ ಅರೆಯುತ್ತಿರುವುದನ್ನು ಕಂಡು ಈಶ್ವರಯ್ಯ ಥೂ ಎಂದು ಉಗಿದ. ಮನುಷ್ಯ ಮಾಡುವ ಕೆಲಸವೇ ಅದು? ಅರಕಲಗೂಡಿನ ಸುತ್ತ ಮುಸುಕಿನ ಜೋಳ ಬೆಳೆಯುವವರಿಗೆ ಲದ್ದಿ ಹುಳದ ಕಾಟ ಇದ್ದದ್ದೇ. ಹಾಗಂತ ರೋಗ ಬಂದು ಸತ್ತು, ಗರಿಗೆ ನೇತುಬಿದ್ದ ಹುಳಗಳನ್ನು ಆರಿಸಿ, ಅರೆದು, ನೀರು ಬೆರೆಸಿ ಬೆಳೆಗೆ ಹೊಡೆಯುವುದೇ? ಆ ರೋಗ ಉಳಿದ ಹುಳಗಳಿಗೂ ಅಂಟುತ್ತದಂತೆ.

ನೆಟ್ಟಗೆ ಅಂಟುತ್ತಲೂ ಇರಲಿಲ್ಲ. ಬೆಳಗ್ಗೆ ಹೊಡೆದದ್ದು ಬಿಸಿಲೇರುತ್ತಲೇ ಸತ್ವ ಕಳೆದುಕೊಳ್ಳುತ್ತಿತ್ತು. ರೈತರ ಸಭೆಗೆ ಬಂದಿದ್ದ ಕೃಷಿ ಅಧಿಕಾರಿ ಮೇಘಶ್ರೀ, ಬೆಲ್ಲ ಕಾಯಿಸುವಾಗ ಆಲೆಮನೆಯವರು ತೆಗೆದೆಸೆಯುವ ಕಪ್ಪು ಮಡ್ಡಿಯನ್ನು ಬೆರೆಸಿ ನೋಡಿ ಎಂದಳು. ಯಾಕೆಂದು ಹೇಳುವಷ್ಟರಲ್ಲಿ ಈಶ್ವರಯ್ಯ ಎದ್ದು ಹೊರಟಿದ್ದ, ಹೆಂಡತಿ ಕೂತೇ ಇದ್ದಳು. ಹುಳ ಕೊಲ್ಲುವ ಗುಣ ಮಡ್ಡಿಯದೇ, ಈ ಪೆದ್ದ ಸುಮ್ಮನೆ ಹೆಣ ಅರೆಯುತ್ತಿದ್ದಾನೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಮರುದಿನ ಹಾಲಿನ ಡೈರಿ ಮುಂದೆ, ಊರೆಲ್ಲ ಕ್ಯಾನು ಹಿಡಿದು ನಿಂತಿರುವಾಗ, ಮೀಸೆ ತಿರುವಿದ.

"ಒಂದು ಹುಳಾನೂ ಮುಟ್ದೆ ಬೆಳೆ ಉಳಿಸ್ತೀನಿ ಕಣ್ಲಾ. ಇಲ್ಲಾಂದ್ರೆ ಇಲ್ಲೇ ಮೀಸೆ ಬೋಳಿಸ್ಕತೀನಿ."

ಅವನಿಗೆ ಮೀಸೆಯ ಚಿಂತೆ, ಹೆಂಡತಿ ನೀಲಗಂಗಮ್ಮನಿಗೆ ಹಸುಗಳ ಚಿಂತೆ. ಹೋದ ಸಲ ಹುಳ ತಿಂದು ಮೇವಿಗೂ ಗತಿಯಿಲ್ಲದೆ ಎರಡು ಹಸು ಮಾರಿದ್ದರು. ಈ ಸಲವೂ ಬೆಳೆ ಹೋದರೆ ಉಳಿದವೂ ಸಂತೆಗೆ ಹೋಗಬೇಕು.

ಚನ್ನರಾಯಪಟ್ಟಣದ ಕಡೆಯ ಆಲೆಮನೆಯಿಂದ ಡ್ರಮ್ಮುಗಟ್ಟಲೆ ಮಡ್ಡಿ ಬಂತು. ಮೊದಲ ಸಲ ಈಶ್ವರಯ್ಯನೇ ಕಲಸಿ ಹೊಡೆದ. ಇರುವೆ ಬಂದವು, ಹುಳ ಹೋಗಲಿಲ್ಲ. ಹದ ತಪ್ಪಿದೆ, ಕಲಸುವುದು ಹೆಂಗಸರ ಕೆಲಸ ಎಂದು ಅದನ್ನು ಹೆಂಡತಿಯ ತಲೆಗೆ ಕಟ್ಟಿದ. ನೀಲಗಂಗಮ್ಮ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಕಲಸಿದಳು, ಬಟ್ಟೆಯಲ್ಲಿ ಸೋಸಿದಳು, ಹೊತ್ತಿಳಿದ ಮೇಲೆ ಹೊಡೆಯಿರಿ ಎಂದಳು. ಕಲಸಿ ಬಂದವಳು ಸ್ನಾನ ಮಾಡದೆ ಅಡುಗೆಮನೆ ಹೊಗುತ್ತಿರಲಿಲ್ಲ. ಬೆಲ್ಲದ ಮಡ್ಡಿ ಮುಟ್ಟಿದ್ದಕ್ಕೆ ಇಷ್ಟು ಮಡಿಯೇ ಎಂದು ಅವನು ಹಂಗಿಸಿದ.

ಅಬ್ಬಾ, ಆಮೇಲೆ ಹುಳ ಸತ್ತದ್ದೇ ಸತ್ತದ್ದು! ಜೋಳ ಎದೆಮಟ್ಟ ಬೆಳೆದು ನಿಂತಿತು. ಈಶ್ವರಯ್ಯನನ್ನು ಹಿಡಿಯುವವರೇ ಇಲ್ಲ. ಊರವರನ್ನೆಲ್ಲ ಹೊಲಕ್ಕೆ ಕರೆಸಿದ, ಮೋಹನ್‌ಕುಮಾರನಿಗಂತೂ ಎರಡೆರಡು ಸಲ ಹೇಳಿಕಳಿಸಿದ. ಎಲ್ಲರೂ ಸೇರಿದ ಮೇಲೆ, ಕಲಸಿಟ್ಟಿದ್ದ ಬಕೆಟ್ಟಿಗೆ ಬೆರಳದ್ದಿ ಎತ್ತಿ ಹಿಡಿದ.

"ನಿನ್ನ ಹುಳದ ಚಟ್ನಿ ನೀನು ನೆಕ್ತೀಯೇನ್ಲಾ? ನಾನು ನೆಕ್ತೀನಿ ನೋಡು."

ನೀಲಗಂಗಮ್ಮ ಓಡಿಬಂದು ಬ್ಯಾಡ ಕಣ್ರೀ ಎಂದಳು. ಗಂಡನ ಸಕ್ಕರೆ ಕಾಯಿಲೆ ನೆನಪಾಗಿರಬೇಕು, ಪಾಪ, ಎಂದುಕೊಂಡು ಈಶ್ವರಯ್ಯ ನಕ್ಕ. ಬೆರಳನ್ನು ಕಣ್ಣಿಗೊತ್ತಿಕೊಂಡು ಪ್ರಸಾದದ ಹಾಗೆ ಚೀಪಿದ. ರುಚಿ ಹತ್ತಿದವನಂತೆ ಇನ್ನೊಮ್ಮೆ ಅದ್ದಿ ಚೀಪಿದ. ಕೊಳಕು ತಿನ್ನುವವರಿಗೆ ಶುದ್ಧದ ಬೆಲೆ ಏನು ಗೊತ್ತು ಎಂದು ಬೇರೆ ಸೇರಿಸಿದ.

ಮೋಹನ್‌ಕುಮಾರ ತಲೆ ತಗ್ಗಿಸಿ, ಸೋತೆ, ಮಡ್ಡಿ ಬೆರೆಸುವ ಹದ ನನಗೆ ಸಿಗಲಿಲ್ಲ, ಹೇಳಿಕೊಡಿ ಅಕ್ಕಾ ಎಂದ. ಆಮೇಲೆ ಹೇಳುತ್ತೇನೆ ಎಂದು ನೀಲಗಂಗಮ್ಮ ಮನೆಯ ಕಡೆ ಹೊರಟಳು. ಈಶ್ವರಯ್ಯ ಬಿಡಲಿಲ್ಲ. ಇಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳು ಎಂದು ಗದರಿದ. ಅವಳು ಗಂಡನ ಮುಖವನ್ನು ಒಮ್ಮೆ ನೋಡಿದಳು, ಹೊಲವನ್ನು ಒಮ್ಮೆ ನೋಡಿದಳು.

"ಬಿಂದಿಗೆ ನೀರಿಗೆ ಒಂದು ಚೊಂಬು ಮಡ್ಡಿ ಕಣಪ್ಪ. ಅದು ಬರೀ ಬಿಸಿಲಿಗೆ ಮರೆ," ಎಂದಳು. "ಹುಳಾನ ಮಾತ್ರ ನಿನ್ನಂಗೇ ಬೊಗಸೆ ತುಂಬ ಅರ್ದು ಆಕ್ಬೇಕು."