ಕದಲದ ಮುಳ್ಳು

ಕಣ್ಣು, ಕಿವಿ, ಎದೆಬಡಿತ ಎಲ್ಲದರಲ್ಲೂ ಪಾಸಾದ ನೀಲಾಂಬಿಕೆಗೆ ಉಳಿದದ್ದು ಊರಿನ ಸೆಳೆತದ ಪರೀಕ್ಷೆಯೊಂದೇ. ದಿಕ್ಸೂಚಿಯಂಥ ಮುಳ್ಳು ಮನಸ್ಸು ಸೆಳೆಯುವ ಯಾವ ಊರನ್ನಾದರೂ ತೋರಿಸಲಿ, ಐದು ನಿಮಿಷ ಕದಲದಿದ್ದರೆ ಸಾಕು. ಕದಲಿದರೆ ಯುದ್ಧವಿಮಾನ ಕೈಗೆ ಕೊಡುವುದಿಲ್ಲ.

ಡಾಕ್ಟರು ಅವಳ ಎದೆಗೆ ಮುಳ್ಳಿನ ಡಬ್ಬಿ ಕಟ್ಟಿದರು. ಹಾಳಾದ ಮುಳ್ಳು ಅವಳೂರು ಬೈಲಹೊಂಗಲದ ಕಡೆ ತಿರುಗಲೇ ಇಲ್ಲ. ಬಾಗಿಲಿನತ್ತ ಹೋಯಿತು, ಕಿಟಕಿಯತ್ತ ಸರಿಯಿತು, ಮತ್ತೆ ಬಾಗಿಲಿಗೇ ಬಂತು.

"ಹೊರಗೆ ಯಾರಿದ್ದಾರಮ್ಮ?"

"ನಮ್ಮವ್ವ ರೀ. ಅಡ್ಡಾಡಾಕತ್ತಾಳ."

ಡಾಕ್ಟರು ಕ್ಷಣಹೊತ್ತು ಮುಳ್ಳನ್ನೇ ನೋಡಿ, ಎದ್ದು ಹೋಗಿ ಬಾಗಿಲು ತೆರೆದರು. "ಅಮ್ಮಾ, ಐದು ನಿಮಿಷ ಒಂದೇ ಕಡೆ ಕೂತ್ಕೊಳ್ಳಿ."

ಅವ್ವ ಬೆಂಚಿನ ಮೇಲೆ ಕುಳಿತಳು. ಮುಳ್ಳು ನಿಂತಿತು.

"ಆಕಿ ಮ್ಯಾಲೆ ಹಾರುಮುಂದೂ ಹಿಂಗ ಕುಂದ್ರಬೇಕೇನ್ರಿ?" ಅವ್ವ ಕೇಳಿದಳು.

"ಇಳಿಯೋ ತನಕ" ಎಂದರು ಡಾಕ್ಟರು.

ಅವ್ವ ಆಗಲೇ ಬೆಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.