ಮೂರು ಶಾಟ್‌ಗಳ ಸುಳ್ಳು

ಟೀವಿಯಲ್ಲಿ ವಿಜೇತೆಯೆಂದು ಇಶಿತಾಳ ಹೆಸರು ಕೂಗಿದ ಕೂಡಲೇ ಬ್ಯೂನಾ ವಿಸ್ಟಾದ ಚಾನೆಲ್ ಆಫೀಸಿನಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಿಶ್ಚಿತಾ ಏಳಲಿಲ್ಲ. ಅವಳ ಕಣ್ಣು ಟೀವಿ ಪರದೆಯ ಎಡತುದಿಯಲ್ಲಿತ್ತು. ಅಲ್ಲಿ, ಮೂರನೇ ಸ್ಥಾನದಲ್ಲಿ, ಐವತ್ತೆಂಟು ವರ್ಷದ ಉಮಾ ನಿಂತಿದ್ದರು. ಪ್ರೇಕ್ಷಕರ ನಡುವಿನಿಂದ ಯಾರೋ ಅವರನ್ನು ‘ಚೀಟರ್’ ಎಂದು ಕೂಗಿದರು. ಉಮಾ ತಲೆ ತಗ್ಗಿಸಿದರು. ಆಮೇಲೆ ಗೆದ್ದ ಹುಡುಗಿಯನ್ನು ತಬ್ಬಿಕೊಂಡು, ಗೆದ್ದವಳಿಗಿಂತ ಹೆಚ್ಚು ಅತ್ತರು.

ತೀರ್ಪುಗಾರರ ಅಂಕಗಳಲ್ಲಿ ಉಮಾ ಮೊದಲಿದ್ದರು. ಅವರನ್ನು ಕೆಳಕ್ಕೆ ತಳ್ಳಿದ್ದು ವೀಕ್ಷಕರ ಮತ. ವೀಕ್ಷಕರು ಹಾಗೆ ಮತ ಹಾಕುವಂತೆ ಮಾಡಿದ್ದು ನಿಶ್ಚಿತಾ.

ಆ ಅಡುಗೆ ಸ್ಪರ್ಧೆಯ ಎಡಿಟರ್ ಅವಳೇ.

ಎರಡು ವಾರಗಳ ಹಿಂದೆ, ಸೆಮಿಫೈನಲ್‌ನಲ್ಲಿ ಇಶಿತಾಳ ಕೇಕ್ ಸುಟ್ಟು ಕರಕಲಾಗಿತ್ತು. ನೂರ ಅರವತ್ತು ಡಿಗ್ರಿಯಲ್ಲಿ ಇರಬೇಕಾದ ಓವನ್ ಇನ್ನೂರ ಇಪ್ಪತ್ತರಲ್ಲಿತ್ತು. "ನಾನೇ ತಪ್ಪಾಗಿ ಇಟ್ಟಿರ್ತೀನಿ," ಎಂದು ಟೋವಾ ಪಾಯೋ ಬಡಾವಣೆಯ ಆ ಹುಡುಗಿ ಕಣ್ಣೊರೆಸಿಕೊಂಡು, ಇದ್ದ ಅರ್ಧ ಗಂಟೆಯಲ್ಲಿ ಇನ್ನೇನೋ ಮಾಡಿ ಹೇಗೋ ಪಾರಾಗಿದ್ದಳು. ಓವನ್‌ನ ಬಿಸಿ ಹೇಗೆ ಏರಿತೆಂದು ತೋರಿಸುವ ಒಂದು ದೃಶ್ಯವೂ ನಿಶ್ಚಿತಾಳ ಬಳಿ ಇರಲಿಲ್ಲ.

"ಎಪಿಸೋಡ್ ತುಂಬಾ ಫ್ಲ್ಯಾಟ್ ಆಗಿದೆ ನಿಶ್ಚಿತಾ," ಎಂದಿದ್ದ ಪ್ರೊಡ್ಯೂಸರ್ ಪ್ರತಾಪ್. "ಸೆಮಿಫೈನಲ್ ಅಂತ ಅನ್ನಿಸ್ತಾನೇ ಇಲ್ಲ. ಏನಾದ್ರೂ ಮಾಡು."

ಅವಳು ಮಾಡಿದಳು. ಮೂರು ಶಾಟ್‌ಗಳನ್ನು ಜೋಡಿಸಿದಳು. ಉಮಾ ಇಶಿತಾಳ ಮೇಜಿನ ಪಕ್ಕ ಹಾದುಹೋಗುವುದು. ಹಸಿರು ಬಳೆಯ ಕೈ ಓವನ್ ನಾಬ್ ತಿರುಗಿಸುವುದು. ಉಮಾ ಅತ್ತಿತ್ತ ನೋಡುವುದು. ಕೈ ಉಮಾರದ್ದೇ. ಓವನ್ನೂ ಅವರದ್ದೇ, ಮೊದಲನೇ ವಾರ ತೆಗೆದ ಶಾಟ್. ಅತ್ತಿತ್ತ ನೋಡಿದ್ದು ಎಲ್ಲೋ ಇಟ್ಟು ಮರೆತ ಸೌಟಿಗಾಗಿ. ಒಟ್ಟು ಒಂಬತ್ತು ಸೆಕೆಂಡ್. ಯಾರ ಬಾಯಲ್ಲೂ ಒಂದು ಆರೋಪವಿಲ್ಲ, ಹಿನ್ನೆಲೆಯಲ್ಲಿ ಸಣ್ಣ ಸಂಗೀತ ಅಷ್ಟೇ.

ಪ್ರಸಾರವಾದ ಮರುದಿನ ಬೆಳಿಗ್ಗೆಯ ಹೊತ್ತಿಗೆ ಆ ಒಂಬತ್ತು ಸೆಕೆಂಡ್ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು.

ಉಮಾ ಫೋನ್ ಮಾಡಿ ಜಗಳವಾಡುತ್ತಾರೆ, ಆಗ ತೆಗೆದುಹಾಕಿದರಾಯಿತು ಎಂದು ನಿಶ್ಚಿತಾ ಕಾದಳು. ಫೋನ್ ಬರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಬೈಗುಳ ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮೌನ ಅವಳನ್ನು ಹಿಂಡಿತು. ಶೂಟಿಂಗ್‌ನ ಮೊದಲ ದಿನವೇ ಅವಳು ಮೈಸೂರಿನವಳೆಂದು ತಿಳಿದು, "ಬರೀ ಬ್ರೆಡ್ ತಿಂದ್ರೆ ಹೊಟ್ಟೆ ತುಂಬುತ್ತೇನೇ?" ಎಂದು ಗದರಿ, ಮಾರನೆಯ ದಿನ ಡಬ್ಬಿ ತುಂಬ ಮೆಂತ್ಯದ ಹಿಟ್ಟು ತಂದುಕೊಟ್ಟ ಹೆಂಗಸು ಅದು.

ಫಿನಾಲೆಯ ಮರುದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ನಿಶ್ಚಿತಾ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಪತ್ರ ಬರೆದಳು. ಎರಡು ಸಲ ಓದಿದಳು. ಕಳಿಸಿದಳು. ನಂತರ ಉಮಾರ ಮನೆಯಿದ್ದ ಯಿಶುನ್‌ಗೆ ಎಂಆರ್‌ಟಿ ರೈಲು ಹತ್ತಿದಳು.

ಬಾಗಿಲು ತೆರೆದದ್ದು ಉಮಾರ ಸೊಸೆ ಅನಘಾ. ಚಾನೆಲ್‌ನಿಂದ ಬಂದವಳೆಂದು ಕೇಳಿ ಅವಳ ಮುಖ ಗಂಟಾಯಿತು.

"ಇನ್ನೇನು ಬೇಕು ನಿಮಗೆ? ಲಿಫ್ಟಲ್ಲಿ ಜನ ಅತ್ತೆ ಮುಖ ನೋಡಿ ಪಿಸುಪಿಸು ಅಂತಾರೆ. ಲಾಯರ್ ಹತ್ರ ಹೋಗೋಣ, ಕಂಪ್ಲೇಂಟ್ ಕೊಡೋಣ ಅಂತ ನಾವು ಎಷ್ಟು ಹೇಳಿದ್ರೂ ಬೇಡ ಅಂದ್ರು. ಎರಡು ವಾರದಿಂದ ಒಲೆ ಮುಂದೆ ನಿಂತಿಲ್ಲ ಅವರು. ಯಾರಿಗೂ ಒಂದು ಮಾತು ತಿರುಗಿ ಹೇಳದೇ ಇರೋರಿಗೆ ಹೀಗೆ ಮಾಡಿದ್ರಲ್ಲ!"

"ಒಳಗೆ ಕರಿ, ಅನಘಾ," ಎಂಬ ಧ್ವನಿ ಕೇಳಿಸಿತು.

ಉಮಾ ಸೋಫಾದ ತುದಿಯಲ್ಲಿ ಕೂತಿದ್ದರು. ಟೀವಿಯಲ್ಲಿದ್ದುದಕ್ಕಿಂತ ಕುಗ್ಗಿಹೋದವರಂತೆ ಕಂಡರು. ನಿಶ್ಚಿತಾಳನ್ನು ನೋಡಿ ಎದ್ದು ನಿಂತರು, ದೊಡ್ಡವರು ಬಂದಾಗ ಏಳುವ ಹಾಗೆ.

"ನೀನು ಬರ್ತೀಯ ಅಂತ ಗೊತ್ತಿತ್ತು ಕಣಮ್ಮ," ಎಂದರು. "ಎಲ್ಲಾ ನೋಡಿರೋಳು ನೀನೇ ಅಲ್ವಾ?"

ನಿಶ್ಚಿತಾ ಕೈ ಮುಗಿದಳು. "ಆಂಟಿ, ನನ್ನನ್ನ ಕ್ಷಮಿಸಿ."

"ನೀನ್ಯಾಕೆ ಕ್ಷಮೆ ಕೇಳ್ತೀಯ? ನೀನು ನಿನ್ನ ಕೆಲಸ ಮಾಡ್ದೆ. ಆ ಹುಡುಗಿ ಗೆದ್ದಳಲ್ಲ, ಸದ್ಯ. ನನ್ನ ಎದೆ ಸ್ವಲ್ಪ ಹಗುರ ಆಯ್ತು."

ಆ ದೊಡ್ಡತನ ಕಂಡು ನಿಶ್ಚಿತಾಳಿಗೆ ಅಳು ಒತ್ತರಿಸಿ ಬಂತು. ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟಳು. ಪ್ರತಾಪ್ ಅಂದದ್ದು, ಮೊದಲನೇ ವಾರದ ಶಾಟ್, ಸೌಟು, ಸಂಗೀತ.

"ಅದು ಪೂರ್ತಿ ಸುಳ್ಳು, ಆಂಟಿ. ನಾನು ಕೂತು ಕಟ್ಟಿದ ಸುಳ್ಳು. ನೀವು ಆ ಓವನ್ ಮುಟ್ಟಿದ್ದು ಯಾವ ಕ್ಯಾಮೆರಾದಲ್ಲೂ ಇಲ್ಲ. ಇವತ್ತು ಬೆಳಿಗ್ಗೆ ಅದನ್ನೆಲ್ಲ ಬರೆದು ಚಾನೆಲ್‌ಗೆ, ಇಶಿತಾಗೆ, ಪೇಪರ್‌ನವರಿಗೆ ಕಳಿಸಿದೀನಿ. ನನ್ನ ಕೆಲಸ ಹೋಗುತ್ತೆ, ಈ ದೇಶದಲ್ಲಿರೋಕೆ ಕೊಟ್ಟ ವರ್ಕ್ ಪಾಸೂ ಹೋಗುತ್ತೆ. ಹೋಗ್ಲಿ. ಉಮಾ ಆಂಟಿ ನಿರಪರಾಧಿ ಅಂತ ನನ್ನ ಹೆಸರು ಹಾಕಿ ಬರೆದಿದೀನಿ."

ಅನಘಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಓಡಿಬಂದು ಅತ್ತೆಯ ಭುಜ ಹಿಡಿದಳು. "ನಾನು ಹೇಳ್ಲಿಲ್ವಾ ಅತ್ತೆ? ಮೊದಲ ದಿನದಿಂದ ಹೇಳ್ತಾನೇ ಇದ್ದೆ!"

ಉಮಾ ಸೊಸೆಯತ್ತ ನೋಡಲಿಲ್ಲ. ಅವರ ಮುಖದ ಬಣ್ಣವೇ ಹೋಗಿತ್ತು. ಮೆಲ್ಲಗೆ ಸೋಫಾದ ಕೈ ಹಿಡಿದು ಕೂತರು. ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು:

"ಹಾಗಾದ್ರೆ... ನಾನು ಅವಳ ಓವನ್ ನಾಬ್ ತಿರುಗಿಸಿದ್ದನ್ನ ಯಾರೂ ನೋಡೇ ಇರ್ಲಿಲ್ವಾ?"