ಶಂಭುಲಿಂಗಪ್ಪ ಕಂಡ ಜಲಪಾತ

“ಎಲ್ಲಪ್ಪಾ ಇದೆ ಈ ಜಲಪಾತ?” ಕಂಬಿ ಹಿಡಿದು ನಿಂತ ಸಾಹೇಬರು ಯಾರ ಕಡೆಗೂ ತಿರುಗದೆ ಕೇಳಿದರು.

ಎದುರಿಗೆ ಬರೀ ಮಂಜು. ಆದರೆ ಹಟ ಹಿಡಿದು ಕಚೇರಿಯವರನ್ನೆಲ್ಲ ಇಲ್ಲಿಗೆ ಕರೆತಂದವರು ಅವರೇ; ಕಾಣುವುದಿಲ್ಲ ಎನ್ನಲು ಯಾರಿಗೆ ಧೈರ್ಯ? ಅದರಲ್ಲೂ ಶಂಭುಲಿಂಗಪ್ಪನ ಬಡ್ತಿಯ ಕಡತಕ್ಕೆ ನಾಳೆಯೊಳಗೆ ಅವರ ಸಹಿ ಬೀಳಬೇಕಿತ್ತು.

“ಅಗೋ ಸಾರ್, ಶಿವನ ಜಟೆಯಿಂದ ಗಂಗೆ ಇಳಿದ ಹಾಗಿದೆ,” ಎಂದು ಅವನು ಕೈಮುಗಿದ. ಉಳಿದವರೂ ಆಹಾ ಎಂದರು. ಸಾಹೇಬರು ಕನ್ನಡಕ ಒರೆಸಿ ಒರೆಸಿ ನೋಡಿದರು.

ಮರಳುವಾಗ ಬಸ್ಸಿನಲ್ಲಿ ಶಂಭುಲಿಂಗಪ್ಪ ಅವರ ಪಕ್ಕಕ್ಕೆ ಸರಿದು ಕುಳಿತ. “ಸಾರ್, ಬೆಳಿಗ್ಗೆ ನನ್ನ ಕಡತಕ್ಕೊಂದು ಸಹಿ ಹಾಕಿಬಿಟ್ರೆ...”

“ಆಗಲ್ಲ ಕಣಯ್ಯಾ. ನಿಮಗೆಲ್ಲ ಕಂಡ ಅಷ್ಟು ದೊಡ್ಡ ಜಲಪಾತ ನನಗೆ ಕಾಣಲೇ ಇಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸೋ ತನಕ ಯಾವ ಕಾಗದಕ್ಕೂ ನಾನು ಸಹಿ ಹಾಕಲ್ಲ.”